ಜ್ವರದವರಿಗೆ ನಾನು ಬ್ರೆಡ್ ಮಾಡುವುದಿಲ್ಲ

ನಮ್ಮ ಪಾವಗಡದಲ್ಲಿ ಕೈಯಲ್ಲಿ ಬ್ರೆಡ್ ಹಿಡಿದು ಬೀದಿಗಿಳಿದರೆ ಜನ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ಆಟೋದವರು ತಾವಾಗಿಯೇ ನಿಲ್ಲಿಸಿ, "ಆಸ್ಪತ್ರೆಗಾ ಅಕ್ಕ?" ಎನ್ನುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನೇ ಬೇಯಿಸಿದ ಒಂದು ಬ್ರೆಡ್ಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಬಿಸಿಯಾಗಿರುವಾಗಲೇ ಎದುರುಮನೆಯ ಆಂಟಿಗೆ ಕೊಡಲು ಹೋದೆ. ಅವರು ಗೇಟಿನ ಬಳಿಯೇ ಗಾಬರಿಯಾಗಿ, ಅರ್ಧ ತೆಲುಗಿನಲ್ಲಿ ಕೇಳಿದರು.

"ಎವರಿಕಮ್ಮಾ ಜ್ವರಂ? ನಿಮ್ಮತ್ತೆಗಾ?"

"ಯಾರಿಗೂ ಜ್ವರ ಇಲ್ಲ ಆಂಟಿ. ನಾನೇ ಮಾಡ್ದೆ. ತಿನ್ನಿ ಅಂತ ತಂದೆ."

"ನಮ್ಮನೇಲೂ ಎಲ್ರೂ ಚೆನ್ನಾಗವ್ರೆ ಕಣಮ್ಮ," ಎಂದರು, ಏನೋ ಕೇಡನ್ನು ಬಾಗಿಲಲ್ಲೇ ತಡೆದವರಂತೆ.

ಇಲ್ಲಿ ಬ್ರೆಡ್ ಅಂದರೆ ಕಾಯಿಲೆ. ಮಂಚದ ಪಕ್ಕದ ಸ್ಟೂಲಿನ ಮೇಲೆ, ಮಾತ್ರೆ ಮತ್ತು ಫ್ಲಾಸ್ಕಿನ ನಡುವೆ ಅದರ ಜಾಗ. ಬಾಯಿರುಚಿ ಕೆಟ್ಟವರು ಅದನ್ನು ಹಾಲಿನಲ್ಲಿ ಅದ್ದಿ ತಿನ್ನಬೇಕು, ಮೈ ನೆಟ್ಟಗಿರುವವರು ಮುದ್ದೆ ಉಣ್ಣಬೇಕು. ಹಾಗಂತ ಬ್ರೆಡ್ಡನ್ನು ಯಾರೂ ಬೈಯುವುದಿಲ್ಲ. ಮರುಕಪಡುತ್ತಾರೆ. ಬೈದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ನಾನು ಬ್ರೆಡ್ ಮಾಡಲು ಕಲಿತದ್ದು ಕಾನ್ವೆಂಟಿನ ಹಾಸ್ಟೆಲಿನಲ್ಲಿ. ಅಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಒಬ್ಬರು ಶನಿವಾರ ಹಿಟ್ಟು ನಾದುವಾಗ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಹಿಟ್ಟು ಅಂಗೈಯನ್ನು ಬಿಟ್ಟು ಬರುವ ಗಳಿಗೆ, ಅದು ಕಿವಿಯ ಹಾಲೆಯಷ್ಟು ಮೆತ್ತಗಾಗುವುದು, ಬೆಂದದ್ದರ ತಳವನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಬರುವ ಟೊಳ್ಳು ದನಿ, ಹೊರಗಿಟ್ಟ ಮೇಲೆ ತಣ್ಣಗಾಗುತ್ತ ಅದರ ಹೊರಮೈ ಚಿಟಿಚಿಟಿ ಎನ್ನುವುದು, ಎಲ್ಲ ಅವರೇ ತೋರಿಸಿದ್ದು. ಓದಿದ ಪಾಠಗಳು ಮರೆತುಹೋಗಿವೆ, ಆ ಚಿಟಿಚಿಟಿ ಮರೆತಿಲ್ಲ. ದನಿ ಏರಿಸಬಾರದೆಂದೂ ಅಲ್ಲೇ ಕಲಿಸಿದರು. ಆ ಪಾಠದಿಂದ ಇಷ್ಟು ವರ್ಷ ಎಲ್ಲರಿಗೂ ಅನುಕೂಲವಾಗಿದೆ, ನನ್ನೊಬ್ಬಳನ್ನು ಬಿಟ್ಟು.

ನನಗೆ ಬೇಕರಿ ಇಡುವ ಆಸೆ ಇರಲಿಲ್ಲ. ಯೂಟ್ಯೂಬಿನಲ್ಲಿ ಮುಖ ತೋರಿಸುವ ಆಸೆಯೂ ಇರಲಿಲ್ಲ. ನಾನು ಮಾಡಿದ ಬ್ರೆಡ್ಡನ್ನು ನಮ್ಮ ಮನೆಯವರು ಮೈ ಚೆನ್ನಾಗಿರುವಾಗ, ಊಟದ ಹೊತ್ತಿನಲ್ಲಿ, ತಟ್ಟೆಗೆ ಹಾಕಿಸಿಕೊಂಡು ಉಣ್ಣಬೇಕು. ಅಷ್ಟೇ. ಇಷ್ಟು ಸಣ್ಣ ಆಸೆಗೆ ಎಷ್ಟೊಂದು ಅಡ್ಡಿ!

ಮೊದಲನೆಯದು ಕರೆಂಟು. ಊರಾಚೆ ವಳ್ಳೂರಿನ ಕಡೆ ಹೋದರೆ ನೆಲವೇ ಕಾಣದ ಹಾಗೆ ಸೋಲಾರ್ ಹಲಗೆಗಳು ಬಿಸಿಲು ಕುಡಿಯುತ್ತ ಮಲಗಿವೆ. ಆ ಬಿಸಿಲನ್ನು ತಂತಿಗಳು ಎಲ್ಲೆಲ್ಲಿಗೋ ಹೊತ್ತೊಯ್ಯುತ್ತವೆ. ನನ್ನ ಪುಟ್ಟ ಓವನ್ನಿನಲ್ಲಿ ಹಿಟ್ಟು ಆಗಷ್ಟೇ ಉಬ್ಬಿ ಬೆನ್ನು ಕೆಂಪಗಾಗುತ್ತಿರುವಾಗ ಕರೆಂಟು ಹೋಗುತ್ತದೆ. ಗಾಜಿನ ಬಾಗಿಲಿನಾಚೆ ಅದು ಮೆಲ್ಲಗೆ ಕುಸಿಯುವುದನ್ನು ನೋಡುತ್ತ ನಿಂತಿದ್ದೇನೆ. ಒಮ್ಮೆಯಲ್ಲ, ಎಷ್ಟೋ ಸಲ.

ಎರಡನೆಯದು ನಮ್ಮತ್ತೆ. ಬ್ರೆಡ್ ಉಬ್ಬಿಸಲು ಅಂಗಡಿಯ ಈಸ್ಟು ನಂಬಿ ಕೂರುವುದು ಬೇಡವೆಂದು ರಾಗಿಹಿಟ್ಟು ಕಲಸಿ, ದಿನಾ ಒಂದು ಹಿಡಿ ಹಿಟ್ಟು ಉಣಿಸುತ್ತ ಉಪ್ಪಿನಕಾಯಿ ಜಾಡಿಯಲ್ಲಿ ಹುಳಿ ಬರಿಸಿದ್ದೆ. ಕೊನೆಗೊಂದು ಬೆಳಿಗ್ಗೆ ಅದು ಗುಳ್ಳೆ ಗುಳ್ಳೆಯಾಗಿ ಮೇಲೆದ್ದು, ಮಾಗಿದ ಬಾಳೆಹಣ್ಣಿನ ವಾಸನೆ ಬಂದಿತ್ತು. ಸ್ನಾನ ಮಾಡಿ ಬರುವಷ್ಟರಲ್ಲಿ ಜಾಡಿ ತೊಳೆದು ಬಿಸಿಲಿಗೆ ಬೋರಲು ಹಾಕಿತ್ತು.

"ಹಳಸೋಗಿತ್ತು ಕಣಮ್ಮ, ಚೆಲ್ಬುಟ್ಟೆ," ಎಂದರು ಅತ್ತೆ, ಉಪಕಾರ ಮಾಡಿದ ಮುಖದಲ್ಲಿ. "ನೋಡ್ಕೊಳಾಕಿಲ್ವಾ ನೀನು?"

ಮತ್ತೆ ಹಿಟ್ಟು ಕಲಸಿದೆ. ಈ ಸಲ ಜಾಡಿಯನ್ನು ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿದೆ. ನನ್ನದೇ ಮನೆಯಲ್ಲಿ ಹಿಟ್ಟು ಬಚ್ಚಿಡುವ ಕಳ್ಳಿಯಾಗಿದ್ದೆ.

ಆಮೇಲೆ ಶಿರಾದಲ್ಲಿ ನನ್ನ ನಾದಿನಿಯ ಮಗಳಿಗೆ ನಾಮಕರಣ. ರಾಗಿ ಬೆರೆಸಿದ ದೊಡ್ಡ ದುಂಡನೆಯ ಬ್ರೆಡ್ ಮಾಡಿದೆ. ಮೇಲೆ ಎಳ್ಳು. ಅಂಥದ್ದು ನನ್ನ ಕೈಯಲ್ಲಿ ಅದಕ್ಕೂ ಮೊದಲು ಆಗಿರಲಿಲ್ಲ. ಬಸ್ಸಿನಲ್ಲಿ ಕೂಸನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಹೋದೆ. ನಾದಿನಿ ಬುಟ್ಟಿಯ ಬಟ್ಟೆ ಎತ್ತಿದಳು, ತಕ್ಷಣ ಮುಚ್ಚಿದಳು.

"ಅತ್ತಿಗೆ, ತಪ್ಪು ತಿಳ್ಕೋಬೇಡಿ. ಇವತ್ತು ಪಾಪುಗೆ ಹೆಸ್ರಿಡೋ ದಿನ..."

ಅತ್ತೆಗೆ ಅಷ್ಟು ನಾಜೂಕು ಗೊತ್ತಿಲ್ಲ. "ತೊಟ್ಲು ಕಟ್ಟಿರೋ ಮನೇಗೆ ಜ್ವರದ ತಿಂಡಿ ತರ್ತಾರೇನಮ್ಮ? ಅಷ್ಟು ಓದಿದ್ದೀಯ, ಇಷ್ಟು ತಿಳಿಯಾಕಿಲ್ವಾ?"

ಊಟವಾದ ಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದೆ. ಎಂಜಲೆಲೆಗಳ ರಾಶಿಯ ಪಕ್ಕ ಬೀದಿಯ ಹಸುವೊಂದು ನನ್ನ ಬ್ರೆಡ್ ತಿನ್ನುತ್ತಿತ್ತು. ನಿಧಾನವಾಗಿ, ಎಳ್ಳನ್ನೂ ಬಿಡದೆ ತಿಂದಿತು. ಆ ದಿನ ಯಾರಿಗೆ ಹುಷಾರಿಲ್ಲವೆಂದು ಕೇಳದೆ ತಿಂದದ್ದು ಅದೊಂದೇ.

ವಾಪಸು ಬರುವಾಗ ಬಸ್ಸಿನೊಳಗೆ ಹುರಿದ ಕಡ್ಲೇಕಾಯಿ ಮಾರುವವನು "ಟೈಂಪಾಸ್, ಟೈಂಪಾಸ್" ಎಂದು ಕೂಗುತ್ತ ಬಂದ. ನಮ್ಮ ಯಜಮಾನರು ಒಂದು ಪೊಟ್ಟಣ ಕೊಂಡು ನನ್ನ ಕೈಗೆ ಅರ್ಧ ಸುರಿದರು. ಅವರು ಹೈಸ್ಕೂಲು ಮೇಷ್ಟ್ರು, ಒಳ್ಳೆಯ ಮನುಷ್ಯ. "ಹೋಗ್ಲಿ ಬಿಡು," ಎಂದರು. "ನೀನೂ ಟೈಂಪಾಸಿಗೆ ತಾನೇ ಮಾಡೋದು?"

ಕಡ್ಲೇಕಾಯಿಯನ್ನು ಕಿಟಕಿಯಾಚೆ ಎಸೆದೆ. ಅವರು ಬೆಚ್ಚಿ ನೋಡಿದರು. ಉಗುರಿನ ಸಂದಿಯಲ್ಲಿ ಒಣಗಿ ಕೂತಿದ್ದ ಹಿಟ್ಟನ್ನು ಊರು ಬರುವವರೆಗೂ ಕೆರೆಯುತ್ತಿದ್ದೆ. ಮರುದಿನ ಬೆಳಿಗ್ಗೆ ನಾದುವ ರಭಸಕ್ಕೆ ಪರಾತವೇ ಅಡುಗೆಕಟ್ಟೆಯಿಂದ ಜಾರಿತು. ಸಿಟ್ಟಿನಲ್ಲಿ ನಾದಿದ ಹಿಟ್ಟು ಬಹಳ ಚೆನ್ನಾಗಿ ಉಬ್ಬುತ್ತದೆ. ಇದನ್ನು ಸಿಸ್ಟರ್ ಹೇಳಿಕೊಟ್ಟಿರಲಿಲ್ಲ.

ಹೋದ ಮಳೆಗಾಲದಲ್ಲಿ ಅತ್ತೆಗೆ ಜ್ವರ ಬಂತು. ಗಂಟುಗಂಟಿನಲ್ಲೂ ನೋವು, ಮುದ್ದೆ ಕಂಡರೆ ಓಕರಿಕೆ. ಒಂದು ಮಧ್ಯಾಹ್ನ ಕೋಣೆಯಿಂದ ಕ್ಷೀಣವಾಗಿ ಕೂಗಿದರು. "ಆ ನಿನ್ ಬ್ರೆಡ್ ಒಂಚೂರು ಕೊಡಮ್ಮ. ಹಾಲ್ನಾಗೆ ಅದ್ಕೊಂಡು ತಿಂತೀನಿ."

ಯಜಮಾನರ ಮುಖ ಅರಳಿತು. "ನೋಡ್ದಾ, ಕೊನೆಗೂ ಅಮ್ಮಾನೇ ಕೇಳಿದ್ರು!" ಎಂದರು, ನನಗೇನೋ ಪದಕ ಬಂದ ಹಾಗೆ.

ಕಟ್ಟೆಯ ಮೇಲೆ ಆಗಷ್ಟೇ ತೆಗೆದ ಬ್ರೆಡ್ ಚಿಟಿಚಿಟಿ ಎನ್ನುತ್ತಿತ್ತು.

"ಕೊಡಲ್ಲ," ಎಂದೆ.

"ಏನು?"

"ಜ್ವರದೋರಿಗೆ ನಾನು ಬ್ರೆಡ್ ಮಾಡಲ್ಲ. ಬಸ್ ಸ್ಟ್ಯಾಂಡ್ ಹತ್ರ ಬೇಕರೀಲಿ ಪ್ಯಾಕೆಟ್ ಸಿಗುತ್ತೆ, ತಂದ್ಕೊಡಿ."

"ಅಲ್ಲೇ ಇದೆಯಲ್ಲೇ, ಕಟ್ಟೆ ಮೇಲೆ!"

"ಅದು ಊಟಕ್ಕೆ!" ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಹುಷಾರಾಗಿರೋರ ಊಟಕ್ಕೆ!"

ಎದುರುಮನೆಯ ಕಿಟಕಿ ತೆರೆದುಕೊಂಡಿತು. ಕೋಣೆಯಿಂದ ಅತ್ತೆ, "ಎಂಥಾ ಸೊಸೆ ತಂದ್ಕೊಂಡೆ ಸಿವ್ನೇ!" ಎಂದರು. ಜ್ವರದಲ್ಲೂ ಆ ದನಿಗೇನೂ ಕಮ್ಮಿಯಿರಲಿಲ್ಲ.

ಅವರಿಗೆ ಗಂಜಿ ಕಾಯಿಸಿಕೊಟ್ಟೆ. ಹಣೆಗೆ ಒದ್ದೆ ಬಟ್ಟೆ ಹಾಕಿದೆ, ಕಾಲು ಒತ್ತಿದೆ, ಮಾತ್ರೆ ನುಂಗಿಸಿದೆ. ಬೇಕರಿಯ ಪ್ಯಾಕೆಟ್ಟಿನಿಂದ ಎರಡು ತುಂಡು ತೆಗೆದು ಹಾಲಿಗೂ ಹಾಕಿಕೊಟ್ಟೆ. ನನ್ನದನ್ನು ಮಾತ್ರ ಕೊಡಲಿಲ್ಲ. ನನ್ನದನ್ನು ನಡುಮನೆಯಲ್ಲಿ ಕೂತು ಹುರುಳಿಕಾಳಿನ ಸಾರಿನ ಜೊತೆ ಉಂಡೆ. ಎದುರಿಗೆ ಯಜಮಾನರು ತಲೆಯೆತ್ತದೆ ಮುದ್ದೆ ನುಂಗುತ್ತಿದ್ದರು. ನನ್ನನ್ನು ಕಲ್ಲುಮನಸ್ಸಿನವಳು ಅಂದುಕೊಂಡಿರಬೇಕು. ಅಂದುಕೊಳ್ಳಲಿ ಎನಿಸಿತು.

ಜ್ವರ ಇಳಿದು ಅತ್ತೆ ತಲೆಗೆ ನೀರು ಹಾಕಿಕೊಂಡ ದಿನ, ಒದ್ದೆ ಕೂದಲು ಗಂಟು ಹಾಕಿಕೊಂಡೇ ಊಟಕ್ಕೆ ಬಂದು ಕೂತರು. ಮುದ್ದೆ ಹಾಕಿದೆ. ಅದನ್ನು ತಟ್ಟೆಯ ಒಂದು ಬದಿಗೆ ಸರಿಸಿದರು.

"ಜ್ವರ ಬುಟ್ಟೈತೆ. ಬೇಕಾದ್ರೆ ಮುಟ್ ನೋಡು," ಎಂದು ಹಣೆ ಮುಂದೆ ಚಾಚಿದರು.

ಮುಟ್ಟಿದೆ. ತಣ್ಣಗಿತ್ತು.

"ಈಗಾದ್ರೂ ಕೊಡ್ತೀಯೋ, ಇಲ್ಲ ಡಾಕ್ಟ್ರತ್ರ ಚೀಟಿ ಬರೆಸ್ಕೊಂಡ್ ಬರ್ಬೇಕೋ?"

ದಪ್ಪಗೆ ಒಂದು ತುಂಡು ಕೊಯ್ದು ತಟ್ಟೆಗೆ ಹಾಕಿ ಸಾರು ಬಿಟ್ಟೆ. ಅವರು ಹಾಲು ಕೇಳಲಿಲ್ಲ. ಮುದ್ದೆ ಮುರಿಯುವ ಹಾಗೆ ಮುರಿದು, ಸಾರಿನಲ್ಲಿ ಹೊರಳಿಸಿ, ಮುದ್ದೆಯ ಹಾಗೆಯೇ ಅಗಿಯದೆ ನುಂಗಲು ಹೋದರು. ಗಟ್ಟಿ ಅಂಚು ಗಂಟಲಿಗೆ ಸಿಕ್ಕಿ ಕಣ್ಣಲ್ಲಿ ನೀರು ಬಂತು. ನೀರು ಕೊಟ್ಟು, "ಅಗೀಬೇಕು ಅತ್ತೆ ಇದನ್ನ," ಎಂದೆ.

"ಮೊದ್ಲೇ ಯೋಳಾಕೇನಾಗಿತ್ತು ನಿಂಗೆ?"

ಎರಡನೆಯ ತುತ್ತನ್ನು ಅಗಿದರು. ಬಹಳ ಹೊತ್ತು ಅಗಿದರು. ಆಮೇಲೆ ಗೋಡೆ ನೋಡುತ್ತ ಹೇಳಿದರು, "ಉಪ್ಪು ಕಮ್ಮಿ."

ನನ್ನ ಮೈಯೆಲ್ಲ ಉರಿಯಿತು. ಈ ಮನೆಯಲ್ಲಿ ಆ ಮಾತು ಕೇಳಿಸಿಕೊಳ್ಳುವುದು ಸಾರು, ಪಲ್ಯ, ಉಪ್ಪಿಟ್ಟು. ಬ್ರೆಡ್ಡಿಗೆ ಯಾರೂ ಅಂದಿರಲಿಲ್ಲ. ಜ್ವರದ ತಿಂಡಿಯ ರುಚಿಯನ್ನು ಯಾರು ನೋಡುತ್ತಾರೆ?

"ಉಪ್ಪು ಸರಿಯಾಗಿದೆ," ಎಂದೆ.

"ಕಮ್ಮಿ ಕಣಮ್ಮ. ನಾಳಿಕ್ಕೆ ಒಂಚೂರು ಮುಂದಾಗಿ ಆಕು."

ಸಂಜೆ ಅಕ್ಕಿ ಡಬ್ಬಿಯ ಹಿಂದಿನಿಂದ ಜಾಡಿ ತೆಗೆದು, ಎಲ್ಲರಿಗೂ ಕಾಣುವಂತೆ ಕಟ್ಟೆಯ ಮೇಲಿಟ್ಟೆ. ಹಿಟ್ಟು ಕಲಸಿದೆ. ಉಪ್ಪನ್ನು ಯಾವಾಗಲೂ ಹಾಕುವಷ್ಟೇ ಹಾಕಿದೆ. ಒಂದು ಹರಳೂ ಹೆಚ್ಚಿಲ್ಲ.