ಉಪ್ಪು ತೀರುವುದರೊಳಗೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ, ಆವತ್ತು ಜ್ವರವೇನಾದರೂ ಇತ್ತೇ ಎಂದು ಕೇಳಿ ನಗುತ್ತಿದ್ದವನು ನಾನು. ಈಗ ನನ್ನನ್ನು ನೋಡಿ ನೀವು ನಕ್ಕರೂ ನನ್ನ ತಕರಾರಿಲ್ಲ.

ನಾನು ಚಿಕ್ಕವನಿದ್ದಾಗ ಆದವಾನಿಯಲ್ಲಿ ನಮ್ಮ ಮನೆ ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದಿತ್ತು. ಮಾಮ ಮುಂಬಯಿಯಿಂದ ಬರುವಾಗ ಹಳೆಯದೊಂದು ಟಿವಿ ಗೇಮ್ ತಂದಿದ್ದ. ಜೊತೆಗೆ ಒಂದೇ ಕ್ಯಾಸೆಟ್, ಅದೂ ಜಪಾನಿನದು. ಕತ್ತಿ ಹಿಡಿದ ಹುಡುಗನೊಬ್ಬ ಊರೂರು ತಿರುಗಿ, ರಾಕ್ಷಸರನ್ನು ಬಡಿದು, ಬಲ ಹೆಚ್ಚಿಸಿಕೊಳ್ಳುತ್ತ ಹೋಗುವ ಆಟ. ದಾರಿಯಲ್ಲಿ ಸಿಕ್ಕವರೆಲ್ಲ ಏನೋ ಹೇಳುತ್ತಿದ್ದರು, ಆದರೆ ಅಕ್ಷರಗಳೆಲ್ಲ ಜಪಾನಿ. ನನ್ನ ಅಕ್ಕ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು, ಅಂದರೆ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದಳು. ಅಂಗಡಿಯವನದು ತೆಲುಗು, ಕಾವಲುಗಾರನದು ಉರ್ದು, ಬಾಗಿಲಲ್ಲಿ ಕೂತ ಮುದುಕಿಯದು ಮಾತ್ರ ನಮ್ಮ ಮನೆಯ ಕನ್ನಡ. ನಮ್ಮೂರಲ್ಲಿ ಇರುವುದೂ ಹಾಗೆಯೇ ತಾನೆ!

ಆ ವರ್ಷ ಅವ್ವನನ್ನು ಕರ್ನೂಲಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ನಾನು ಊಟ ಬಿಟ್ಟು ಕೂತೆ. ಅಕ್ಕ ಆಟ ಹಚ್ಚಿ, ಹುಡುಗನನ್ನು ಮುದುಕಿಯ ಮುಂದೆ ಒಯ್ದು ನಿಲ್ಲಿಸಿ, ಪರದೆಯ ಮೇಲೆ ಬೆರಳಿಟ್ಟು ಓದಿದಳು: “ಮಡಿಕ್ಯಾಗಿನ ಉಪ್ಪು ತೀರೋದ್ರಾಗ ನಿಮ್ಮವ್ವ ಬರ್ತಾಳ. ಬಾಗಿಲಿಗೆ ಚಿಲಕ ಹಾಕಬ್ಯಾಡ.” ನಾನು ನಂಬಿ ಊಟ ಮಾಡಿದೆ. ದಿನವೂ ಮಡಿಕೆಯಲ್ಲಿ ಇಣುಕಿ ನೋಡುತ್ತಿದ್ದೆ. ಉಪ್ಪು ತೀರಿತು. ಅವ್ವ ಆಸ್ಪತ್ರೆಯಲ್ಲೇ ತೀರಿಕೊಂಡಳು.

ನಾನು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅಕ್ಕ ಹಚ್ಚಿಕೊಂಡಳು. ಮದುವೆಯಾಗಿ ಗೋನೆಗಂಡ್ಲದ ಗಂಡನ ಮನೆ ಸೇರಿ, ಮಕ್ಕಳು ದೊಡ್ಡವರಾದ ಮೇಲೂ, “ಅವ್ವನ ವಿಷಯದಾಗ ನಿನಗ ಸುಳ್ಳು ಹೇಳಿಬಿಟ್ನಲ್ಲೋ ತಮ್ಮಾ” ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಎಷ್ಟು ಸಮಾಧಾನ ಹೇಳಿದರೂ ಅಷ್ಟೇ.

ಹೋದ ವರ್ಷ ಒಂದು ಭಾನುವಾರ, ಅದೇ ಆಟ ಇಂಗ್ಲಿಷಿನಲ್ಲಿ ಬಂದಿದೆಯೆಂದು ತಿಳಿದು ಮೊಬೈಲಿಗೆ ಹಾಕಿಕೊಂಡೆ. ಅಕ್ಕ ಎಷ್ಟು ಬುರುಡೆ ಬಿಟ್ಟಿದ್ದಳು ಎಂದು ನೋಡುವ ಕುತೂಹಲ. ಅಂಗಡಿಯವನು ಬರೀ ಬೆಲೆ ಹೇಳಿದ, ಕಾವಲುಗಾರ ದಾರಿ ತೋರಿಸಿದ. ಅಕ್ಕನ ಒಂದು ಮಾತೂ ಅಲ್ಲಿರಲಿಲ್ಲ. ನಗುತ್ತಲೇ ಮುದುಕಿಯ ಬಳಿ ಹೋದೆ. ಜಾಡಿಯ ಉಪ್ಪು ಮುಗಿಯುವುದರೊಳಗೆ ನಿನ್ನ ತಾಯಿ ಬರುತ್ತಾಳೆ, ಬಾಗಿಲಿಗೆ ಅಗುಳಿ ಹಾಕಬೇಡ ಎಂದು ಅವಳ ಮಾತು ಇಂಗ್ಲಿಷಿನಲ್ಲಿ ಮೂಡಿತು. ಆಟ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಅದೇ ಮಾತು.

ಅಕ್ಕನಿಗೆ ಫೋನ್ ಮಾಡಿ ಓದಿ ಹೇಳಿದೆ.

“ನಿನಗ ಹೆಂಗ ಗೊತ್ತಾತಕ್ಕಾ?” ಎಂದೆ.

“ಯಾರಿಗೊತ್ತೋ. ಆಕಿ ಮುಖ ನೋಡ್ದೆ, ಮಾತು ಬಂತು.” ಆಮೇಲೆ ಅಳುವಿನ ನಡುವೆಯೇ ನಕ್ಕಳು. “ಹಂಗಾದ್ರ ಸುಳ್ಳು ಹೇಳಿದಾಕಿ ಆ ಮುದುಕಿ, ನಾ ಅಲ್ಲ!”

ಆವತ್ತಿನಿಂದ ಅವಳು ಆ ಮಾತು ಎತ್ತಿ ಅತ್ತಿಲ್ಲ. ಅಷ್ಟು ಸಾಕಿತ್ತು ನನಗೆ. ಆದರೆ ಜಪಾನಿ ಅಕ್ಷರ ಒಂದೂ ಅರಿಯದ ಹುಡುಗಿ ಅದನ್ನು ಹೇಗೆ ಓದಿದಳು? ಕಾಕತಾಳೀಯ ಎಂದರು ಗೆಳೆಯರು. ಚಿಲಕದ ಮಾತನ್ನಾದರೂ ಊಹಿಸಿದಳೆನ್ನೋಣ, ಮುದುಕಿ ಕೂತದ್ದು ಬಾಗಿಲಲ್ಲಿ. ಉಪ್ಪು ಎಲ್ಲಿಂದ ಬಂತು? ನನಗೆ ಇವತ್ತಿಗೂ ತಿಳಿದಿಲ್ಲ.

ಅಕ್ಕನಿಗೆ ಫೋನ್ ಮಾಡಿದ ಆ ಸಂಜೆ ಹೆಂಡತಿ ಬಾಗಿಲು ಹಾಕಲು ಎದ್ದಳು. ನಾನು ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತೆಗೆದು ನೋಡಿದೆ. ಇನ್ನೂ ಅರ್ಧ ಇತ್ತು.

“ಚಿಲಕ ಹಾಕಬ್ಯಾಡ, ಇರ್ಲಿ ಬಿಡು” ಎಂದೆ.