ಮೇಣ ಯಾರದ್ದು

ಆ ತೂತನ್ನು ಮುಚ್ಚಿದವನು ನಾನು, ಬಾಬಣ್ಣ. ಕ್ಷಮೆ ಕೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. "ಇಷ್ಟು ವರ್ಷದ ಮೇಲೆ ಅದನ್ನು ಕೆದಕುದು ಎಂತಕ್ಕೆ?" ಎಂದು ಹೆಂಡತಿ ಕೇಳುತ್ತಾಳೆ. ಕೇಳಲಿ — ನಾನು ಬರೆಯುವವನೇ.

ಅರವತ್ತರ ದಶಕ. ಪುತ್ತೂರಿನ ಗೇರುಬೀಜದ ಕಾರ್ಖಾನೆಯಲ್ಲಿ ನೀವು ಬಾಯ್ಲರ್ ನೋಡಿಕೊಳ್ಳುತ್ತಿದ್ದಿರಿ. ನಾನು ಮಂಗಳೂರಿನಲ್ಲಿ ಕಲಿತು ಬಂದ ಫಿಟ್ಟರ್. ತಿರುಳು ಒಣಗಿಸುವ ಕೋಣೆಯ ಬಿಸಿಯನ್ನು ಹದದಲ್ಲಿಡುತ್ತಿದ್ದುದು ಕೊಳವೆಯಲ್ಲಿ ಒತ್ತಡದಿಂದ ಬರುವ ಗಾಳಿ. ಗೋಡೆಯ ಪೆಟ್ಟಿಗೆಯೊಳಗೆ ಸೂಜಿ ತೂರುವಷ್ಟು ತೂತು, ಅದರೆದುರು ತಗಡಿನ ನಾಲಿಗೆ. ಕೋಣೆ ಬಿಸಿಯೇರಿದರೆ ನಾಲಿಗೆ ಹಿಂದೆ ಸರಿದು, ತೂತಿನಿಂದ ಗಾಳಿ ಹೊರಟು, ಕೊಳವೆಯ ಒತ್ತಡ ಇಳಿಯುತ್ತಿತ್ತು. ಆ ಸಣ್ಣ ಇಳಿತವನ್ನು ರಿಲೇ ಎಂಬ ಸಾಧನ ದೊಡ್ಡದು ಮಾಡಿ ಕಳಿಸುತ್ತಿತ್ತು. ಪೊಸಿಷನರ್ ಎಂಬ ಇನ್ನೊಂದು, ಕೋಣೆಗೆ ಬಿಸಿ ತರುವ ಹಬೆಯ ವಾಲ್ವನ್ನು ಹೇಳಿದಷ್ಟೇ ಮುಚ್ಚಿ ಅಲ್ಲೇ ಹಿಡಿದು ನಿಲ್ಲಿಸುತ್ತಿತ್ತು. ತೂತಿನಿಂದ ಗಾಳಿ ಹೊರಡುತ್ತಲೇ ಇದ್ದುದರಿಂದ ಅಲ್ಲಿ ಸದಾ ಸುಯ್ ಎಂಬ ಸದ್ದು.

ಆ ಸದ್ದು ಕೇಳಿದರೆ ಧಣಿಗಳಿಗೆ ಮೈ ಉರಿಯುತ್ತಿತ್ತು. "ಗಾಳಿ ಸೋರುದು ನಿಲ್ಲಿಸು" ಎಂದು ನನಗೆ ಹೇಳಿ ಹೋದರು. ಪಕ್ಕದಲ್ಲಿದ್ದ ನೀವು ಮೆಲ್ಲಗೆ ಹೇಳಿದಿರಿ — "ಅದು ಸೋರುದಲ್ಲ ಮಾರಾಯ, ಉಸಿರಾಡುದು. ಮುಚ್ಚಬೇಡ."

ತಿಳಿಯದೆ ಮಾಡಿದೆ ಎನ್ನಲಾರೆ. ಓದು ಬಾರದ ನಿಮ್ಮಿಂದ ನಾನು ಪಾಠ ಹೇಳಿಸಿಕೊಳ್ಳುವುದೇ ಎಂಬ ಸೊಕ್ಕು — ಅಷ್ಟೇ. ಸೋರುವ ಕೊಡಪಾನಕ್ಕೆ ಮೆತ್ತಲೆಂದು ನೀವು ಡಬ್ಬಿಯಲ್ಲಿಟ್ಟಿದ್ದ ಹಲಸಿನ ಮೇಣದಲ್ಲಿ ಒಂದು ಚೂರು ತೆಗೆದು, ಆ ನಾಲಿಗೆಯನ್ನು ತೂತಿಗೆ ಅಂಟಿಸಿಬಿಟ್ಟೆ. ಸದ್ದು ನಿಂತಿತು. ಒತ್ತಡ ಇಳಿಯುವ ದಾರಿಯೇ ಇಲ್ಲದೆ ವಾಲ್ವ್ ಪೂರಾ ತೆರೆದುಕೊಂಡಿತು. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಕೋಣೆಯ ತಿರುಳೆಲ್ಲ ಕರಟಿಹೋಗಿತ್ತು.

ಧಣಿಗಳು ಪೆಟ್ಟಿಗೆ ಬಿಚ್ಚಿಸಿ ಕೇಳಿದ್ದು ಒಂದೇ ಮಾತು. "ಈ ಮೇಣ ಯಾರದ್ದು?"

"ಬಾಬಣ್ಣನದ್ದು" ಎಂದೆ.

ಸುಳ್ಳಲ್ಲವಲ್ಲ — ಇದೊಂದನ್ನೇ ಹಿಡಿದುಕೊಂಡು ಇಷ್ಟು ವರ್ಷ ತಲೆಯೆತ್ತಿ ನಡೆದೆ. ನೀವು ನನ್ನನ್ನೊಮ್ಮೆ ನೋಡಿ, "ಹೌದು, ಮೇಣ ನನ್ನದೇ" ಎಂದಿರಿ. ಮುಂದಿನದನ್ನು ಹೇಳಲಿಲ್ಲ, ಹೇಳುವುದು ನನ್ನ ಕೆಲಸವೆಂದು ಕಾದಿರೋ ಏನೋ... ಅಂದೇ ಕೆಲಸ ಹೋಯಿತು. ಸಂಜೆಯ ಬಸ್ಸಿಗೆ ಸಂಪಾಜೆಗೆ ಹೊರಟಿರಿ. 'ತೂತು ಮುಚ್ಚಿದ ಬಾಬು' ಎಂಬ ಹೆಸರು ನಿಮಗಿಂತ ಮೊದಲೇ ಸುಳ್ಯ ದಾಟಿತ್ತು. ಮತ್ತೆ ಯಾರೂ ನಿಮ್ಮನ್ನು ಬಾಯ್ಲರಿನ ಹತ್ತಿರ ಸೇರಿಸಲಿಲ್ಲ.

ನಿಮಗೆ ಓದು ಬಾರದು, ಅದಕ್ಕೇ ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಸಂಪಾಜೆಗೆ ನಾನೇ ಬಂದು, ನಿಮ್ಮ ಮಕ್ಕಳು ಮೊಮ್ಮಕ್ಕಳ ಎದುರು ಗಟ್ಟಿಯಾಗಿ ಓದುತ್ತೇನೆ. ಹೊರಗೆ ದಬ್ಬಿದರೆ ಅಂಗಳದಲ್ಲಿ ನಿಂತು ಓದುತ್ತೇನೆ.

ಮೇಣ ಬಾಬಣ್ಣನದ್ದು. ಕೈ ನನ್ನದು.