ಮುತ್ತಜ್ಜಿಯ ಕುಂಕುಮ ಮತ್ತು ರಬ್ಬರ್ ತೋಟದ ಜನಗಣತಿ

ಈ ಬರಹದಲ್ಲಿ ಲೋಪಗಳಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲು. ಕೇಳಿ ತಿಳಿದದ್ದು ಯಾವುದು, ಕಾಗದದಲ್ಲಿ ಕಂಡದ್ದು ಯಾವುದು ಎಂಬುದನ್ನು ಬೇರೆಬೇರೆಯಾಗಿ ಹೇಳಲು ಪ್ರಯತ್ನಿಸಿದ್ದೇನೆ.

ಅಜ್ಜಿ, ಅಂದರೆ ನನ್ನ ತಾಯಿಯ ತಾಯಿ, ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ನಮ್ಮೊಂದಿಗೇ ಇದ್ದಾರೆ. ಅವರು ತೊಟ್ಟಿಲಲ್ಲಿದ್ದಾಗ ಅವರ ತಂದೆ ರಬ್ಬರ್ ತೋಟದಲ್ಲಿ ಗುಮಾಸ್ತರಾಗಿ ಮೈಸೂರಿನಿಂದ ಈ ದೇಶಕ್ಕೆ ಬಂದರು; ಹಿಂತಿರುಗಲಿಲ್ಲ. ಸತ್ತ ಸುದ್ದಿಯೂ ಬಾರದ ಕಾರಣ, ಊರಿನಲ್ಲೇ ಉಳಿದಿದ್ದ ಮುತ್ತಜ್ಜಿ ಕೊನೆಯವರೆಗೂ ಕುಂಕುಮ, ಬಳೆ ತೆಗೆಯಲಿಲ್ಲ. ಮುತ್ತೈದೆಯಾಗಿಯೇ ಹೋದರೆಂದು ಹಸಿರು ಸೀರೆ ಉಡಿಸಿ ಕಳುಹಿಸಿದರಂತೆ. ಪ್ರತಿ ವರ್ಷ ಅವರ ತಿಥಿಯಂದು ಅಮ್ಮ ಮುತ್ತೈದೆಯರನ್ನು ಕರೆದು ಊಟ ಬಡಿಸಿ, ಅರಿಶಿನ ಕುಂಕುಮ ಕೊಡುತ್ತಿದ್ದರು. ಇಲ್ಲಿಗೆ ಬಂದ ಮೇಲೂ ಅದು ತಪ್ಪಲಿಲ್ಲ. ವಿಧವೆಯಾದ ಅಜ್ಜಿ ಮಾತ್ರ, ತಮ್ಮ ತಾಯಿಯ ಹೆಸರಿನ ಆ ಊಟ ಮುಗಿಯುವವರೆಗೆ ಒಳಕೋಣೆಯಲ್ಲಿ ಕುಳಿತಿರುತ್ತಿದ್ದರು.

"ನಮ್ಮಪ್ಪ ಯಾವ ವರ್ಷ ಹೋದ್ರು ಅನ್ನೋದಾದ್ರೂ ಹುಡುಕ್ಕೊಡು. ಅಷ್ಟು ಓದಿದೀಯಲ್ಲ," ಎಂದು ಅವರೇ ಒಮ್ಮೆ ಕೇಳಿದರು.

ಮೆಲಾಕಾ ಬಳಿಯ ಆ ತೋಟದ ಹಳೆಯ ಕಚೇರಿಯಲ್ಲಿ ಜನಗಣತಿಯ ಪ್ರತಿಗಳು ಉಳಿದಿದ್ದವು. ಒಂದು ಗಣತಿಯಲ್ಲಿ ಮುತ್ತಜ್ಜನ ಹೆಸರಿತ್ತು. ಅದರ ಕೆಳಗೆ ಹೆಂಡತಿಯೆಂದು ಒಬ್ಬ ತಮಿಳು ಹೆಂಗಸಿನ ಹೆಸರು. ಇದು ಎರಡನೆಯ ಮದುವೆ, ಮೊದಲ ಹೆಂಡತಿ ತೀರಿಕೊಂಡಿದ್ದಾಳೆ ಎಂದು ಷರಾ ಬರೆದಿತ್ತು. ಆಗ ಮುತ್ತಜ್ಜಿ ಊರಿನಲ್ಲಿ ಬದುಕಿದ್ದರು. ಮುಂದಿನ ಗಣತಿಯಲ್ಲಿ ಮುತ್ತಜ್ಜನಿಲ್ಲ. ಆ ಹೆಂಗಸೇ ಮನೆಯ ಯಜಮಾನಿ, ವಿಧವೆ. ಮುತ್ತಜ್ಜ ತೀರಿಕೊಂಡ ವರ್ಷ ಸಿಗಲಿಲ್ಲ. ಎರಡು ಗಣತಿಗಳ ನಡುವೆ ಎಂದಷ್ಟೇ ತಿಳಿಯಿತು. ಅದಾದ ಮೇಲೂ ಬಹುಕಾಲ ಮುತ್ತಜ್ಜಿ ಕುಂಕುಮವಿಟ್ಟಿದ್ದರು.

"ಅಜ್ಜಿ ಮುಂದೆ ಓದ್ಬೇಡ. ಅವಳಮ್ಮ ಮುತ್ತೈದೆಯಾಗಿ ಹೋದ್ಲು ಅನ್ನೋದೊಂದೇ ಅವಳಿಗೆ ಸಮಾಧಾನ," ಎಂದರು ಅಮ್ಮ, ನಾನು ಬರೆದು ತಂದ ವಿವರ ನೋಡಿ, ಅಡುಗೆಮನೆಯಲ್ಲಿ ದನಿ ತಗ್ಗಿಸಿ.

"ನಂಗಿನ್ನೂ ಕಿವಿ ಕೇಳತ್ತೆ ಕಣೇ. ಓದ್ಲಿ ಬಿಡು," ಎಂದು ಅಜ್ಜಿ ಬಾಗಿಲಿಗೆ ಬಂದು ನಿಂತರು.

ಓದಿದೆ. ಅಜ್ಜಿ ಕುರ್ಚಿ ಎಳೆದುಕೊಂಡು ಕುಳಿತರು.

"ಬದುಕಿದ್ದೋಳ್ನ ನಮ್ಮಪ್ಪ ಸಾಯಿಸಿದ್ರು. ಸತ್ತೋರ್ನ ನಮ್ಮಮ್ಮ ಬದುಕಿಸಿಟ್ಕೊಂಡ್ಲು. ಚೆನ್ನಾಗಿದೆ ಸಂಸಾರ!" ಎಂದು ನಕ್ಕರು. ಆಮೇಲೆ ಅಮ್ಮನತ್ತ ತಿರುಗಿದರು. "ಹಾಗಾದ್ರೆ ನಮ್ಮಮ್ಮನೂ ನನ್ ಥರಾನೇ ಅಲ್ವೇನೇ? ಮತ್ತೆ ನಾನ್ಯಾಕೆ ಒಳಗೆ ಕೂತಿದ್ದೆ?"

"ನೀನೇ ಎದ್ದು ಹೋಗ್ತಿದ್ಯಲ್ಲಮ್ಮ."

"ಒಂದ್ಸಲ ಬಾ ಅಂದಿದ್ರೆ ಬರ್ತಿದ್ದೆ."

ಅಮ್ಮ ಒಲೆಯ ಕಡೆ ತಿರುಗಿ ನಿಂತರು. ಅಷ್ಟು ವರ್ಷಗಳಲ್ಲಿ ಕರೆಯಬೇಕೆಂದು ನನಗೂ ತೋಚಿರಲಿಲ್ಲ.

ಈಗ ನಮ್ಮ ಮನೆಯಲ್ಲಿ ಮುತ್ತೈದೆಯರನ್ನಷ್ಟೇ ಕರೆಯುವ ಪದ್ಧತಿಯಿಲ್ಲ. ಆ ತಿಥಿಯಂದು ಮೊದಲ ಎಲೆ ಅಜ್ಜಿಗೆ. ಹೋಳಿಗೆ ಅಗಿಯಲು ಅವರಿಗೆ ಈಗ ಹಲ್ಲಿಲ್ಲ. ಪಾಯಸವನ್ನಷ್ಟೇ ಕುಡಿಯುತ್ತಾರೆ.